ಹಾಸಿಗೆ ಮಗುಚುವ ಮೂರು ಬಗೆ

ಇಲ್ಲಿ ಹೇಳಹೊರಟಿರುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಹೊಲಿದು ಸೇರಿಸಿದ್ದೆಷ್ಟು ಎಂಬುದು ನನಗೇ ಸರಿಯಾಗಿ ತಿಳಿಯದು. ಅಜ್ಜಂಪುರದ ಒಂದು ಅಂಗಳದಲ್ಲಿ ಬಿಸಿಲಿಗೆ ಹಾಕಿದ ಹತ್ತಿಯ ಹಾಸಿಗೆಯೊಂದಿದೆ. ಅದು ನಿಜ, ಅದರ ಒಂದು ತುದಿಯನ್ನು ನಾನೇ ಹಿಡಿದಿದ್ದೇನೆ. ಅಮೃತಾಪುರದ ದೇವಸ್ಥಾನದ ಮಂಟಪದಲ್ಲಿ ಕಂಬಕ್ಕೆ ಒರಗಿ ಕೂತು ಬೆಂಕಿಪೊಟ್ಟಣವೊಂದನ್ನು ಮಗುಚಿ ಮಗುಚಿ ನೋಡುತ್ತಿರುವ ಗೆಳೆಯನೊಬ್ಬನಿದ್ದಾನೆ. ಗೆಳೆಯ ನಿಜ, ಕಂಬ ನಿಜ, ಬೆಂಕಿಪೊಟ್ಟಣದ ವಿಚಾರದಲ್ಲಿ ಮಾತ್ರ ನಾನೀಗ ಆಣೆ ಮಾಡಲಾರೆ. ಈ ಎರಡರಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಯೊಂದು ಕಳೆದ ಕಾರ್ತಿಕದಿಂದ ನನ್ನನ್ನು ಹಿಡಿದುಕೊಂಡಿದೆ. ಹೊರಗಿನವರಿಗೆ ಇದು ಪ್ರಶ್ನೆಯೇ ಅಲ್ಲವೆನಿಸೀತು. ಆದರೆ ಅದರ ಉತ್ತರದ ಮೇಲೆ ಒಬ್ಬ ಹೆಂಗಸಿನ ಇಪ್ಪತ್ತು ವರ್ಷಗಳ ನೆಮ್ಮದಿ ನಿಂತಿತ್ತು.

ಕಾರ್ತಿಕದಲ್ಲಿ ತೀರಿಕೊಂಡವನು ರುದ್ರೇಶ. ಅವನು ಅಜ್ಜಂಪುರದವನು, ನಾನು ಕಡೂರಿನವನು, ಮಲ್ಲಿಕ ತರೀಕೆರೆಯವನು. ಮೂವರೂ ಒಟ್ಟಿಗೆ ಗಣಿತದ ಎಂ.ಎಸ್ಸಿ. ಓದಿದೆವು. ನಮ್ಮ ಮೂರೂ ಊರುಗಳ ರೈಲುಗಳು ಕೂಡುವುದು ಬೀರೂರಿನಲ್ಲಿ, ಹಾಗಾಗಿ ರಜೆಗೆ ಹೊರಟಾಗ ಅಲ್ಲಿಯ ಪ್ಲಾಟ್‌ಫಾರಮ್ಮಿನಲ್ಲಿ ಟೀ ಕುಡಿದು ಬೇರೆಯಾಗುವುದು, ರಜೆ ಮುಗಿದಾಗ ಅಲ್ಲೇ ಟೀ ಕುಡಿದು ಕೂಡಿಕೊಳ್ಳುವುದು ರೂಢಿ. ಎಂ.ಎಸ್ಸಿ. ಮುಗಿದದ್ದೇ ನಾನು ಊರಿನ ಕಾಲೇಜು ಸೇರಿದೆ, ಮಲ್ಲಿಕ ಅವನ ಊರಿನ ಪಿಯು ಕಾಲೇಜು ಸೇರಿದ. ಸಂಶೋಧನೆಗೆಂದು ವಿಶ್ವವಿದ್ಯಾಲಯದಲ್ಲೇ ಉಳಿದವನು ರುದ್ರೇಶ ಒಬ್ಬ. ಕೆಲವು ವರ್ಷ ಉಳಿದ. ಒಂದು ಬೇಸಿಗೆಯಲ್ಲಿ ಊರಿಗೆ ಬಂದವನು ಮರಳಿ ಹೋಗಲಿಲ್ಲ, ಏಕೆಂದು ಯಾರಿಗೂ ಹೇಳಲೂ ಇಲ್ಲ. ಮದುವೆಯಾಗಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡು, ಕೇಳಿದವರೊಡನೆ ಅಳತೆಗಿಂತ ತುಸು ಕಡಿಮೆಯೇ ಮಾತಾಡಿಕೊಂಡು, ಪಕ್ಕದ ಬೀದಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಗಿರಿಜಕ್ಕನ ಕೈಯೂಟ ಉಂಡುಕೊಂಡು ಇದ್ದ. ಹೋಗುವಾಗಲೂ ಹಾಗೆಯೇ, ಹೆಚ್ಚು ದಿನ ಮಲಗದೆ ಹೋದ.

ಶಿವಗಣಾರಾಧನೆಯ ದಿನ ನನಗೆ ಪರೀಕ್ಷೆಯ ಕೆಲಸವಿತ್ತು. ಅದಾದ ಮೇಲಿನ ಭಾನುವಾರ ಹೋದಾಗ ಗಿರಿಜಕ್ಕ ಅವನ ಹಾಸಿಗೆಯನ್ನು ಬಾಗಿಲವರೆಗೆ ಎಳೆದು ತಂದು, ಮುಂದಕ್ಕೆ ಎಳೆಯಲಾರದೆ ನಿಂತಿದ್ದರು.

"ಬಾರೋ ಪ್ರಕಾಶ, ಆ ಕಡೆ ಹಿಡ್ಕೋ. ಸತ್ತೋನ ಹಾಸಿಗೆ ಅಂತ ಒಬ್ರೂ ಕೈ ಹಾಕ್ತಿಲ್ಲ ನೋಡು."

ಹಿಡಿದೆ. ಹತ್ತಿಯ ಹಾಸಿಗೆ ಎಷ್ಟು ಭಾರವಿರುತ್ತದೆಂಬುದು ಫೋಮಿನ ಕಾಲದಲ್ಲಿ ನಮಗೆ ಮರೆತೇಹೋಗಿದೆ. ಅಂಗಳದ ಕಲ್ಲುಹಾಸಿನ ಮೇಲೆ ಬಿಡಿಸಿ ಹಾಕಿದೆವು. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಯುಗಾದಿ ಆಗ್ದೆ ಹಾಸಿಗೆ ಹೊರಗೆ ಹಾಕಿದ್ದು ಈ ಮನೇಲಿ ಇದೇ ಮೊದ್ಲು ಕಣೋ. ಅವ್ವ ಇದ್ದಿದ್ರೆ ಬೈದು ಒಳಗೆ ಹೊರಿಸ್ತಿದ್ಲು. ಯುಗಾದಿಗೆ ಎಣ್ಣೆ ನೀರು ಹಾಕ್ಕಂಡ ಮೇಲೇನೆ ಹಾಸಿಗೆಗೂ ಬಿಸಿಲು, ಅಲ್ಲೀವರ್ಗೂ ಬಿಸಿಲು ಎಳಸು, ಹತ್ತಿ ತಂಡಿ ಹಿಡೀತದೆ ಅಂತ ಅವಳ ಶಾಸ್ತ್ರ. ಒಂದು ವರ್ಷವೂ ತಪ್ಪಿಸ್ದೋಳಲ್ಲ. ನಾನೂ ತಪ್ಪಿಸಿರ್ಲಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಮಗುಚಬೇಕಾಯಿತು. ನಾನು ಕಾಲಿನ ಕಡೆ, ಅವರು ತಲೆಯ ಕಡೆ. ಎತ್ತಿದವರು ಅಲ್ಲೇ ನಿಂತುಬಿಟ್ಟರು.

"ಅವತ್ತೂ ಹಿಂಗೇ ಹಿಡ್ಕಂಡಿದ್ದ," ಎಂದರು. "ಅವನು ವಾಪಸ್ ಓದಕ್ಕೆ ಹೋಗ್ದೆ ಉಳಿದ್ನಲ್ಲ, ಆ ಬೇಸಿಗೆ. ಒಳಗೆ ಕೂತು ಏನೋ ಬರೀತಿದ್ದ. ನಾನೇ ಕೂಗ್ದೆ, ಲೇ ಪಂಡಿತ, ಬಂದು ಒಂದ್ ಕೈ ಕೊಡು ಅಂತ. ಬಂದ. ಹಿಂಗ್ ಮಗುಚಿದ್ವಿ. ಅಕ್ಕ, ಇನ್ನೊಂದ್ಸಲ ಅಂದ. ಅಡ್ಡಕ್ಕೆ ಮಗುಚು ಅಂದ. ಆಮೇಲೆ ಮೊದ್ಲು ಅಡ್ಡ, ಆಮೇಲೆ ಉದ್ದ. ತಲೆದಿಂಬಿನ ಕಡೆ ಎಲ್ಲಿ ಬಂತು ನೋಡಕ್ಕ ಅಂದ. ತಲೆ ಕೆಟ್ಟಿದೆಯೇನೋ ನಿಂಗೆ ಅಂದೆ. ಹಾಸಿಗೆ ಮೇಲೇ ಕುಕ್ಕರಿಸ್ಕಂಡು ನಗಕ್ಕೆ ಶುರು ಮಾಡ್ದ ನೋಡು, ಕಣ್ಣಲ್ಲಿ ನೀರು ಬರೋವರ್ಗೂ. ಒಳಗೆ ಹೋದೋನು ಪುಸ್ತಕ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕ್ಬಿಟ್ಟ."

ಹಾಸಿಗೆ ಇನ್ನೂ ನಮ್ಮ ಕೈಯಲ್ಲೇ ಇತ್ತು. ಅವರು ನನ್ನ ಮುಖ ನೋಡಲಿಲ್ಲ.

"ನಾನವತ್ತು ಕೂಗ್ದೇ ಇದ್ದಿದ್ರೆ ಅವನು ಬಿಡ್ತಿರ್ಲಿಲ್ಲ ಅಲ್ವೇನೋ? ನೀನು ಅದೇ ಓದ್ದೋನು. ನೀನ್ ಹೇಳು."

ಓದುಗ ಮಿತ್ರರೇ, ಆ ಹೆಂಗಸು ಕೇಳಿದ್ದು ಎಂಥ ಪ್ರಶ್ನೆ ಎಂದು ತಿಳಿಯಬೇಕಾದರೆ ರುದ್ರೇಶ ಏನು ಬರೆಯುತ್ತಿದ್ದ ಎಂಬುದನ್ನು ಸ್ವಲ್ಪ ಹೇಳಲೇಬೇಕು. ಹೆದರಬೇಡಿ, ಹಾಸಿಗೆಯಿಂದ ಆಚೆಗೆ ನಿಮ್ಮನ್ನು ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಅವನ ವಿಷಯದ ಹೆಸರು ಗೂಡ್ಸ್ ರೈಲಿನಷ್ಟು ಉದ್ದವಿತ್ತು: ಲೀ ಮಾದರಿಯ ಸಾಂತ ಗ್ರೂಪುಗಳಲ್ಲಿ ಅವಿಭಾಜ್ಯ ಸಂಖ್ಯೆಯ ಘಾತದಷ್ಟು ಸದಸ್ಯರಿರುವ ಅಬೀಲಿಯನ್ ಉಪಗ್ರೂಪುಗಳು. ಗ್ರೂಪ್ ಎಂದರೆ, ಒಂದು ವಸ್ತುವನ್ನು ಅದು ಇದ್ದಂತೆಯೇ ಮರಳಿ ಕೂರುವ ಹಾಗೆ ತಿರುಗಿಸುವ ಎಲ್ಲ ಬಗೆಗಳ ಕೂಟ ಎಂದುಕೊಳ್ಳಿ. ನಾವು ಓಡಾಡುವ ಈ ಜಾಗದ ತಿರುಗಾಟಗಳನ್ನು, ಗಡಿಯಾರದ ಮುಳ್ಳಿನ ಹಾಗೆ ಸುತ್ತಿ ಮೊದಲಿಗೇ ಬರುವ ಕೆಲವೇ ಸಂಖ್ಯೆಗಳ ಪುಟ್ಟ ಲೋಕಕ್ಕೆ ಇಳಿಸಿದರೆ ಲೀ ಮಾದರಿಯ ಒಂದು ಸಾಂತ, ಎಂದರೆ ಸದಸ್ಯರನ್ನು ಎಣಿಸಿ ಮುಗಿಸಬಹುದಾದ, ಗ್ರೂಪು ಸಿಗುತ್ತದೆ. ಅದರೊಳಗೆ, ಯಾವುದನ್ನು ಮೊದಲು ಮಾಡಿದರೂ ಯಾವುದನ್ನು ಆಮೇಲೆ ಮಾಡಿದರೂ ಫಲ ಒಂದೇ ಬರುವಂತಹ, ಸರದಿಗಾಗಿ ಜಗಳವಾಡದ ಸದಸ್ಯರ ಚಿಕ್ಕ ಕೂಟವೇ ಅಬೀಲಿಯನ್ ಉಪಗ್ರೂಪು.

ಜಗಳವಾಡದಿರಲು ಅತಿ ಸುಲಭದ ದಾರಿಯೊಂದಿದೆ: ಎಲ್ಲರೂ ಒಂದೇ ಅಚ್ಚಿನ ಮೇಲೆ ತಿರುಗುವುದು. ಅಮೃತಾಪುರದ ಮಂಟಪದ ಕಂಬಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿರುಗಣೆಗೆ ಕೊಟ್ಟು ಕಡೆದ ಹಾಗಿರುವ, ಮುಖ ಕಾಣುವಷ್ಟು ನುಣುಪಾದ ಆ ಕಂಬವನ್ನು ನಡುವಿನ ಗೆರೆಯ ಸುತ್ತ ಎಷ್ಟು ತಿರುಗಿಸಿದರೂ, ಮೊದಲು ಹೆಚ್ಚು ಆಮೇಲೆ ಕಡಿಮೆ ತಿರುಗಿಸಿದರೂ, ತಿರುಗಾಟಕ್ಕೂ ತಿರುಗಾಟಕ್ಕೂ ತಕರಾರಿಲ್ಲ. ಇಂಥ ಅಚ್ಚಿನ ಕೂಟಕ್ಕೆ ನಮ್ಮವರು ಟೋರಸ್ ಎನ್ನುತ್ತಾರೆ. ದೊಡ್ಡ ಗ್ರೂಪುಗಳಲ್ಲಿ ಹಲವು ಅಚ್ಚುಗಳು ಸೇರಿ ಒಂದು ಟೋರಸ್ಸಾಗುತ್ತದೆ, ತತ್ವ ಅದೇ. ರುದ್ರೇಶ ಸಾಧಿಸಹೊರಟದ್ದು ಇಷ್ಟು: ಜಗಳವಾಡದ ಕೂಟ, ಅದರ ಗಾತ್ರ ಒಂದು ಅವಿಭಾಜ್ಯದ ಘಾತವಾಗಿದ್ದರೆ, ಎಂದರೆ ಆ ಅವಿಭಾಜ್ಯವೊಂದನ್ನೇ ಮತ್ತೆ ಮತ್ತೆ ಗುಣಿಸಿ ಬಂದದ್ದಾದರೆ, ಯಾವುದಾದರೊಂದು ಟೋರಸ್ಸಿನೊಳಗೆ ಇದ್ದೇ ಇರುತ್ತದೆ. ಆ ಪುಟ್ಟ ಲೋಕದ ಸಂಖ್ಯೆಗಳ ಎಣಿಕೆಗೇ ಬುಡವಾದ ಅವಿಭಾಜ್ಯವನ್ನು ಪಕ್ಕಕ್ಕಿಟ್ಟರೆ, ದೊಡ್ಡ ಅವಿಭಾಜ್ಯಗಳಿಗೆ ಇದು ನಿಜ, ಮತ್ತು ಅವನಿಗಿಂತ ಎಷ್ಟೋ ಮೊದಲೇ ಗೊತ್ತಿದ್ದ ನಿಜ. ಸಣ್ಣವು ತಂಟೆಕೋರ ಅವಿಭಾಜ್ಯಗಳು. ಅವನ್ನೂ ಒಳಗೆ ಸೇರಿಸಿಕೊಳ್ಳುವ ವಾದವೊಂದು ತನಗೆ ಸಿಕ್ಕಿತೆಂದು ಅವನು ನಂಬಿದ್ದ. ಕಡೂರಿಗೆ ಬಂದು, ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, ನನಗೆ ಅದನ್ನು ಬಿಡಿಸಿ ಹೇಳಿದ್ದ. ಅರ್ಧ ತಿಳಿದಿತ್ತು, ಉಳಿದರ್ಧಕ್ಕೆ ತಲೆಯಾಡಿಸಿದ್ದೆ.

ಈಗ ಹಾಸಿಗೆ ನೋಡಿ. ಅದನ್ನು ಮೂರು ಬಗೆಯಲ್ಲಿ ತಿರುಗಿಸಬಹುದು. ತಲೆಯನ್ನು ಎತ್ತಿ ಕಾಲಿನ ಕಡೆಗೆ ಉದ್ದಕ್ಕೆ ಮಗುಚುವುದು ಒಂದು. ತಲೆ ತಲೆಯ ಕಡೆಯೇ ಇರುವ ಹಾಗೆ ಅಡ್ಡಕ್ಕೆ ಮಗುಚುವುದು ಇನ್ನೊಂದು. ಮೇಲಿನ ಮುಖ ಮೇಲೆಯೇ ಇರುವಂತೆ ಅರ್ಧ ಸುತ್ತು ತಿರುಗಿಸಿ ತಲೆ ಕಾಲು ಅದಲುಬದಲು ಮಾಡುವುದು ಮತ್ತೊಂದು. ಯಾವ ಎರಡನ್ನು ಯಾವ ಸರದಿಯಲ್ಲಿ ಮಾಡಿದರೂ ಮೂರನೆಯದು ಆಗಿರುತ್ತದೆ. ಏನೂ ಮಾಡದೆ ಬಿಡುವುದನ್ನೂ ಸೇರಿಸಿದರೆ ನಾಲ್ಕು ಸದಸ್ಯರ ಕೂಟ, ನಾಲ್ಕು ಎಂದರೆ ಎರಡರ ಘಾತ, ಪರಮ ಸಾಧು, ಜಗಳವೇ ಇಲ್ಲ. ಆದರೆ ಮೂರಕ್ಕೂ ಅಚ್ಚು ಬೇರೆ ಬೇರೆ! ಒಂದು ಅಡ್ಡ, ಒಂದು ಉದ್ದ, ಒಂದು ನೆಟ್ಟಗೆ. ಒಂದೇ ಕಂಬಕ್ಕೆ ಈ ಮೂವರನ್ನೂ ಕಟ್ಟಲು ಬ್ರಹ್ಮನಿಗೂ ಆಗದು.

ಅವನ ತಪ್ಪು ಏನೂ ಓದದವನು ಮಾಡುವ ತಪ್ಪಲ್ಲ, ಹಾಸಿಗೆ ಮಗುಚುವವರು ಅದನ್ನು ಮಾಡುವುದು ಸಾಧ್ಯವೇ ಇಲ್ಲ. ಪ್ರತಿ ಗ್ರೂಪಿನ ನೆತ್ತಿಯ ಮೇಲೆ ಅದರದೇ ಇನ್ನೊಂದು ಹಿರಿಯ ಗ್ರೂಪನ್ನು ಕಾಣಲು ಕಲಿತವನಷ್ಟೇ ಮಾಡಬಲ್ಲ ತಪ್ಪು ಅದು. ಎರಡು ಎಂಬ ಅವಿಭಾಜ್ಯವನ್ನು ಅವನು ಮರೆತಿರಲಿಲ್ಲ. ಅದಕ್ಕೆಂದೇ ಪ್ರತ್ಯೇಕ ವಾದ ಕಟ್ಟಿದ್ದ, ಮತ್ತು ಆ ವಾದದ ಒಂದು ಸಾಲಿನಲ್ಲಿ, ಕೆಳಗಿನ ಗ್ರೂಪಿನಲ್ಲಿ ಜಗಳವಾಡದವರು ಮೇಲಿನದಕ್ಕೆ ಏರಿದಾಗಲೂ ಜಗಳವಾಡುವುದಿಲ್ಲ ಎಂದುಕೊಂಡು ಮುಂದೆ ಹೋಗಿದ್ದ. ಮೇಲೆ ಏರಿದರೆ ಆಡುತ್ತಾರೆ. ಸರದಿ ಬದಲಾದರೆ ಅಲ್ಲಿ ಒಂದು ಮೈನಸ್ ಚಿಹ್ನೆ ಮೂಡುತ್ತದೆ, ಕೆಳಗೆ ಅದು ಕಾಣುವುದಿಲ್ಲ. ಅಷ್ಟು ಸಣ್ಣ ಗೆರೆ. ಅಂಗಳದಲ್ಲಿ ಬಿದ್ದಿದ್ದ ಹಾಸಿಗೆ ಅವನ ಪ್ರಮೇಯವನ್ನು ಸುಳ್ಳು ಮಾಡುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಅಂದರೆ ಗಿರಿಜಕ್ಕನ ಭಯಕ್ಕೆ ಆಧಾರವಿತ್ತು.

ನಾನು ತಡಮಾಡದೆ ಹೇಳಿದೆ: "ಇಲ್ಲಕ್ಕ, ಅವನಿಗೆ ಅದಕ್ಕೆ ಮುಂಚೇನೇ ಗೊತ್ತಾಗಿತ್ತು. ನಾವು ಮೂವರೂ ಅಮೃತಾಪುರಕ್ಕೆ ಹೋಗಿದ್ವಿ. ದೇವಸ್ಥಾನದಲ್ಲಿ ಕೂತು ಬೆಂಕಿಪೊಟ್ಟಣ ಮಗುಚಿ ತೋರ್ಸಿ, ನನ್ನ ಲೆಕ್ಕ ಬಿದ್ದೋಯ್ತು ಕಣ್ರೋ ಅಂದ. ನಾನೇ ಪಕ್ಕದಲ್ಲಿದ್ದೆ."

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ಇಲ್ಲ."

ಅವರು ಹಾಸಿಗೆಯನ್ನು ಕೆಳಗೆ ಬಿಟ್ಟರು. ಹತ್ತಿಯೊಳಗಿನ ಧೂಳು ಎದ್ದು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತಿತು.

ನಾನು ಸುಳ್ಳು ಹೇಳಲಿಲ್ಲ, ಆ ಗಳಿಗೆಯಲ್ಲಿ ನನಗೆ ಆ ಚಿತ್ರ ಅಷ್ಟು ಸ್ಪಷ್ಟವಾಗಿತ್ತು. ಕಂಬದ ಮೈಯಲ್ಲಿ ಅವನ ಮುಖ ಉದ್ದವಾಗಿ ಎಳೆದಂತೆ ಕಾಣುತ್ತಿದ್ದದ್ದು, ಮಂಟಪದ ತಂಪು, ಬೆರಳ ನಡುವೆ ಪೊಟ್ಟಣ. ಆದರೆ ಬೀರೂರಿಗೆ ಹೊರಟ ಬಸ್ಸು ಊರು ದಾಟುವಷ್ಟರಲ್ಲಿ ಚಿತ್ರದ ಒಂದು ಮೂಲೆ ಸಡಿಲವಾಯಿತು. ನೆನಪನ್ನು ನಾವು ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯೆಂದುಕೊಂಡಿರುತ್ತೇವೆ. ನನಗನಿಸುವ ಮಟ್ಟಿಗೆ ಅದು ದಿನವೂ ಮಲಗೆದ್ದ ಹಾಸಿಗೆಯೇ: ನಮ್ಮ ಮೈಭಾರಕ್ಕೆ ಎಲ್ಲಿ ಬೇಕೋ ಅಲ್ಲಿ ತಗ್ಗಾಗುತ್ತದೆ, ಎಲ್ಲಿ ಬೇಡವೋ ಅಲ್ಲಿ ಹತ್ತಿ ಗಂಟು ಕಟ್ಟುತ್ತದೆ, ಒಂದು ದಿನ ಅದರ ಆಕಾರ ನಮ್ಮ ಆಕಾರವೇ ಆಗಿರುತ್ತದೆ. ದುಃಖದಲ್ಲಿರುವವರೊಬ್ಬರು ಬೇಕೆಂದು ಕೇಳಿದ ಕೂಡಲೆ ಬೇಕಾದದ್ದೇ ನೆನಪಾದರೆ ಆ ನೆನಪನ್ನು ಎಷ್ಟು ನಂಬಬೇಕು? ಬೇರೆಯವರ ವಿಷಯದಲ್ಲಾದರೆ ನಾನು ಚೂರೂ ನಂಬುತ್ತಿರಲಿಲ್ಲ.

ಒಂದು ವಾರ ತಡೆದುಕೊಂಡೆ, ಆಗಲಿಲ್ಲ. ತರೀಕೆರೆಗೆ ಹೋಗಿ ಮಲ್ಲಿಕನ ಮನೆಯ ಜಗುಲಿಯಲ್ಲಿ ಕೂತು ಕೇಳಿದೆ. ಅವನು ಪಾಠ ಮಾಡಿ ಮಾಡಿ ದನಿ ಒಡೆದುಕೊಂಡಿದ್ದಾನೆ, ಕುಚೋದ್ಯ ಮಾತ್ರ ಹಾಗೇ ಇದೆ.

"ಅಮೃತಾಪುರಕ್ಕೆ ಹೋಗಿದ್ದು ದಿಟ ಕಣೋ. ಮಂಡಕ್ಕಿ ತಿಂದಿದ್ದೂ ದಿಟ. ಗಣಿತ ಮಾತಾಡಿದ್ರೆ ಬಸ್ ಚಾರ್ಜ್ ಕೊಡಲ್ಲ ಅಂತ ನಾನೇ ಕಂಡೀಷನ್ ಹಾಕಿದ್ದೆ, ಯಾರೂ ಮಾತಾಡ್ಲಿಲ್ಲ."

"ಬೆಂಕಿಪೊಟ್ಟಣ?"

"ಲೇ, ಅವನು ಸೇದ್ತಿರ್ಲಿಲ್ಲ, ನಾನು ಸೇದಲ್ಲ, ನೀನು ಊದಿನಕಡ್ಡಿ ಹೊಗೆಗೇ ಕೆಮ್ಮೋನು. ದೇವಸ್ಥಾನದೊಳಗೆ ಬೆಂಕಿಪೊಟ್ಟಣ ಎಲ್ಲಿಂದ ಬರುತ್ತೋ? ಅದು ನಿನ್ನ ಬಿಎಸ್ಸಿ ಕ್ಲಾಸಿಂದು ಕಣಪ್ಪಾ. ವರ್ಷವರ್ಷವೂ ಹುಡುಗ್ರಿಗೆ ಬೆಂಕಿಪೊಟ್ಟಣ ಮಗುಚಿ ಗ್ರೂಪ್ ಪಾಠ ಮಾಡ್ತೀಯಲ್ಲ, ನೀನೇ ಹೇಳ್ಕೊಂಡು ನಕ್ಕಿದ್ದೆ."

ನನಗೆ ತಲೆಯೆತ್ತಲಾಗಲಿಲ್ಲ. ಅದೇ ಸರಿ. ನಾಲ್ಕು ಸದಸ್ಯರ ಆ ಕೂಟವನ್ನು ತೋರಿಸಲು ಇಷ್ಟು ವರ್ಷ ನಾನು ಮೇಜಿನ ಮೇಲೆ ಮಗುಚಿದ್ದು ಬೆಂಕಿಪೊಟ್ಟಣವನ್ನೇ. ನನ್ನ ಕೈಯಲ್ಲಿದ್ದದ್ದನ್ನು ತೆಗೆದು ಸತ್ತವನ ಕೈಗೆ ಇಟ್ಟು, ಹಿಂದೆ ಒಂದು ಕಂಬ ನಿಲ್ಲಿಸಿ, ಅವನ ಅಕ್ಕನಿಗೆ ಕೊಟ್ಟುಬಂದಿದ್ದೆ. ಅವರು ಅದನ್ನು ನಂಬಿ ಹಾಸಿಗೆಯನ್ನು ಕೆಳಗೆ ಬಿಟ್ಟಿದ್ದರು. ಈಗ ಹೋಗಿ ವಾಪಸ್ ಕೇಳುವುದು ಹೇಗೆ?

ನಾನು ಗಿರಿಜಕ್ಕ ಕೇಳಿದ್ದನ್ನಷ್ಟೇ ಹೇಳಿದೆ, ಯುಗಾದಿಯ ಶಾಸ್ತ್ರದ ಮಾತೆತ್ತಲಿಲ್ಲ. ಮಲ್ಲಿಕ ನಗು ನಿಲ್ಲಿಸಿದ. ಬೀದಿ ನೋಡುತ್ತ ಹೇಳಿದ:

"ಒಂದು ನೆನಪಿದೆ. ಆ ವರ್ಷ ಅವನ ಸೆಮಿನಾರ್ ಇತ್ತು, ಡಿಪಾರ್ಟ್‌ಮೆಂಟಲ್ಲಿ. ನಾನು ರಜೆ ಹಾಕಿ ಕೇಳಕ್ಕೆ ಹೋಗಿದ್ದೆ. ನೋಡಿದ್ರೆ ರದ್ದು. ಇವನು ರೂಮಲ್ಲೂ ಇರ್ಲಿಲ್ಲ. ಬೈಕೊಂಡು ವಾಪಸ್ ಬಂದೆ. ಮನೇಲಿ ಶಿವರಾತ್ರಿ ಉಪವಾಸ, ನಾನು ಬೀರೂರಲ್ಲಿ ಹೊಟ್ಟೆ ತುಂಬ ಇಡ್ಲಿ ತಿಂದು ಬಂದಿದ್ದೆ, ಅಪ್ಪ ಉಗಿದ್ರು. ಅದಕ್ಕೇ ನೆನಪು."

ಸೆಮಿನಾರ್ ಏಕೆ ರದ್ದಾಯಿತೆಂದು ಅವನು ಕೇಳಿರಲಿಲ್ಲ. ನನಗಂತೂ ಸೆಮಿನಾರ್ ಇತ್ತೆಂಬುದೇ ಗೊತ್ತಿರಲಿಲ್ಲ. ನನ್ನನ್ನು ಕರೆದಿರಲಿಲ್ಲವೋ, ಕರೆದದ್ದನ್ನು ನಾನು ಮರೆತೆನೋ, ಈಗ ಹೇಳುವವನು ಬದುಕಿಲ್ಲ.

ರುದ್ರೇಶನ ಗೈಡ್ ಆಗಿದ್ದ ಮೇಷ್ಟ್ರು ನಿವೃತ್ತರಾಗಿ ಶಿವಮೊಗ್ಗದಲ್ಲಿದ್ದಾರೆ. ಫೋನ್ ಮಾಡಿದೆ. ಸುದ್ದಿ ಅವರಿಗೆ ತಲುಪಿರಲಿಲ್ಲ. ಯಾವಾಗ, ಹೇಗೆ ಎಂದು ಕೇಳಿ ತಿಳಿದುಕೊಂಡರು. ಬೆಂಕಿಪೊಟ್ಟಣದ ವಿಚಾರವಾಗಲಿ ಹಾಸಿಗೆಯದಾಗಲಿ ಎತ್ತದೆ, ಅವನು ಏಕೆ ಬಿಟ್ಟ ಸರ್ ಎಂದಷ್ಟೇ ಕೇಳಿದೆ. ಉತ್ತರವನ್ನು ಈ ಸಲ ನಾನು ಒದಗಿಸಬಾರದಲ್ಲ.

"ಸೆಮಿನಾರ್ ಹಿಂದಿನ ದಿನ ಬಂದ್ರು ಕಣಪ್ಪಾ," ಎಂದರು. ಶಿಷ್ಯರನ್ನು ಬಹುವಚನದಲ್ಲಿ ಕರೆಯುವ ಅಭ್ಯಾಸ ಅವರದು. "ಮೇಜಿನ ಮೇಲಿದ್ದ ಚಾಕ್‌ಪೀಸ್ ಡಬ್ಬಿ ತಗೊಂಡು ಹಿಂಗೊಂದ್ಸಲ ಹಂಗೊಂದ್ಸಲ ಮಗುಚಿದ್ರು. ಮುಚ್ಚಳ ಬಿಚ್ಚಿಕೊಂಡು ಚಾಕ್‌ಪೀಸೆಲ್ಲ ನೆಲಕ್ಕೆ ಬಿತ್ತು. ಹೆಕ್ಕುತ್ತಾ ಕೂತು, ಸರ್, ಎರಡಕ್ಕೇ ಬಿದ್ದೋಯ್ತು ಅಂದ್ರು. ನಾಳೆ ಸೆಮಿನಾರ್ ಬೇಡ ಸರ್ ಅಂದ್ರು. ದೊಡ್ಡ ಅವಿಭಾಜ್ಯ ಇದೆಯಲ್ಲಪ್ಪ ಅಂದೆ. ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ ಸರ್ ಅಂದ್ರು. ಸರಿಪಡಿಸ್ಬೋದಿತ್ತು. ಒಂದು ವರ್ಷ ಹೆಚ್ಚು ಹಿಡೀತಿತ್ತು, ಅಷ್ಟೆ. ನಾನು ಇನ್ನೊಂದು ಮಾತು ಹೇಳ್ಬೇಕಿತ್ತೇನೋ."

ಅವರಿಗೂ ಒಂದು 'ಬೇಕಿತ್ತು' ಇತ್ತು. ಇಪ್ಪತ್ತು ವರ್ಷ ಈ ಎರಡು 'ಬೇಕಿತ್ತು'ಗಳು ಒಂದು ಶಿವಮೊಗ್ಗದಲ್ಲಿ, ಒಂದು ಅಜ್ಜಂಪುರದಲ್ಲಿ, ಪರಸ್ಪರ ಪರಿಚಯವಿಲ್ಲದೆ ಬದುಕಿದ್ದವು. ರುದ್ರೇಶ ಎರಡನ್ನೂ ಬಲ್ಲನೇ? ಬಲ್ಲವನಾಗಿದ್ದರೆ ಒಂದು ಮಾತು ಹೇಳಿ ಬಿಡಿಸಬಹುದಿತ್ತಲ್ಲ? ಅವನ ಮೇಲೆ ಕೋಪ ಬರುತ್ತದೆ. ಮರುಗಳಿಗೆಗೆ, ತನ್ನ ಕೈಯಲ್ಲೇ ಬಿದ್ದುಹೋದದ್ದನ್ನು ಅಡುಗೆಮನೆಯಲ್ಲಿ ಯಾರಿಗೆ ಏನೆಂದು ಹೇಳಬೇಕಿತ್ತು ಎಂದೂ ಅನಿಸುತ್ತದೆ. ನಾವು ಮೂವರು ಗೆಳೆಯರೆಂದು ಊರೆಲ್ಲ ಹೇಳಿಕೊಂಡು ತಿರುಗಿದೆವು. ಯಾವ ಇಬ್ಬರಲ್ಲೂ ಒಂದು ದಿನ ಜಗಳವಾಗಲಿಲ್ಲ. ಪ್ರತಿಯೊಬ್ಬನೂ ತನ್ನದೇ ಅಚ್ಚಿನ ಮೇಲೆ ತಿರುಗುತ್ತಿದ್ದ ಎಂಬುದು ಜಗಳವಿಲ್ಲದ ಕಾರಣಕ್ಕೇ ಕಾಣಲಿಲ್ಲ.

ಈ ಯುಗಾದಿ ಕಳೆದ ಮೇಲೆ ಅಜ್ಜಂಪುರಕ್ಕೆ ಹೋದೆ. ಹಾಸಿಗೆಗಳು ಅಂಗಳದಲ್ಲಿದ್ದವು, ಅವ್ವನ ಶಾಸ್ತ್ರದ ಪ್ರಕಾರವೇ. ರುದ್ರೇಶನದನ್ನು ಯಾರಿಗೂ ಕೊಟ್ಟಿರಲಿಲ್ಲ. ಬೆಂಕಿಪೊಟ್ಟಣದ ಮಾತು ನಿಜವಲ್ಲ, ಅದು ನನ್ನ ತಲೆಯಲ್ಲಿ ಬೆಳೆದದ್ದು ಎಂದು ಮೊದಲು ಹೇಳಿದೆ. ಗಿರಿಜಕ್ಕನ ಮುಖ ಬಿಗಿದುಕೊಂಡಿತು. ಆಮೇಲೆ ಸೆಮಿನಾರಿನ ವಿಷಯ, ಮೇಷ್ಟ್ರ ಚಾಕ್‌ಪೀಸ್ ಡಬ್ಬಿ, ಮಲ್ಲಿಕನ ಇಡ್ಲಿ, ಎಲ್ಲವನ್ನೂ ಯಾರು ಹೇಳಿದರೆಂಬುದರ ಸಮೇತ ಹೇಳಿದೆ.

ಅವರು ಹಾಸಿಗೆಯ ಅಂಚಿನಲ್ಲಿ ಕೂತರು. ಬಿಡುಗಡೆಯಾದವರ ಹಾಗೆ ಕಾಣಲಿಲ್ಲ.

"ಶಿವರಾತ್ರಿಯಿಂದ ಗೊತ್ತಿತ್ತಾ ಅವನಿಗೆ," ಎಂದರು. "ಹಂಗಾದ್ರೆ ಊರಿಗೆ ಬಂದು ಅಷ್ಟು ದಿನ ಒಳಗೆ ಕೂತು ಏನ್ ಬರೀತಿದ್ದ?"

ನಾನು ಹಾಸಿಗೆಯ ಇನ್ನೊಂದು ಅಂಚಿನಲ್ಲಿ ಕೂತೆ.

"ನಗ್ತಾ ಇದ್ನಲ್ಲೋ, ಇಲ್ಲೇ ಕೂತ್ಕಂಡು. ನಾನೂ ಜೊತೇಲಿ ನಕ್ಕೆ." ಅಂಗೈಯಿಂದ ಹಾಸಿಗೆಯ ಗಂಟೊಂದನ್ನು ಒತ್ತಿ ಸಮ ಮಾಡಿದರು. ಕೈ ತೆಗೆದ ಕೂಡಲೆ ಅದು ಮತ್ತೆ ಎದ್ದಿತು. "ಏಳು, ಮಗುಚಾಣ. ಈ ಕಡೆ ಕಾದಿದೆ."

ಉದ್ದಕ್ಕೆ ಮಗುಚಿದೆವು. ಅವನು ಅಂದು ಬೇಡಿದ ಹಾಗೆ ಇನ್ನೊಮ್ಮೆ ಅಡ್ಡಕ್ಕೆ ಮಗುಚೋಣವೆಂದು ನನಗೆ ಆಸೆಯಾಯಿತು, ಹೇಳಲಿಲ್ಲ. ಅವನು ಏಕೆ ನಕ್ಕ, ಏಕೆ ಬಿಟ್ಟ, ಅಮೃತಾಪುರದ ಕಂಬದಲ್ಲಿ ಅವನ ಮುಖವನ್ನು ನಾನು ನಿಜಕ್ಕೂ ನೋಡಿದೆನೇ, ಇವು ಯಾವುವೂ ನನಗೆ ತಿಳಿಯಲಿಲ್ಲ, ತಿಳಿಯುವ ದಾರಿಯೂ ಉಳಿದಿಲ್ಲ. ಮಲ್ಲಿಕನನ್ನು, ಮೇಷ್ಟ್ರನ್ನು, ಗಿರಿಜಕ್ಕನನ್ನು, ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಾಗುವ ಮೊದಲೇ ಬೇರೆ ಬೇರೆಯಾಗಿ ಕೇಳಿ, ಖಚಿತ ಮಾಡಿಕೊಂಡ ಸಂಗತಿ ಒಂದೇ: ಸೆಮಿನಾರ್ ರದ್ದಾದದ್ದು ಆ ವರ್ಷದ ಶಿವರಾತ್ರಿಯ ಹೊತ್ತಿಗೆ, ಮತ್ತು ಆ ಮನೆಯಲ್ಲಿ, ಅವನು ಸಾಯುವವರೆಗೆ, ಯುಗಾದಿಗೆ ಮೊದಲು ಹಾಸಿಗೆ ಹೊರಗೆ ಬಂದದ್ದೇ ಇಲ್ಲ.